ನಿಜ ಬರೆದವರಿಗೆ ನಷ್ಟವಾಗದ ಪಟ್ಟಿ

ಲಂಡನ್ನಿನಲ್ಲಿರುವ ಮಗಳ ಮನೆಗೆ ನಾನು ಹೋಗಿದ್ದಾಗ ಮೊಮ್ಮಗಳಿಗೆ ಪ್ರೌಢಶಾಲೆಯ ಅರ್ಜಿ ತುಂಬುವ ಕಾಲ. ಇಂಗ್ಲೆಂಡಿನಲ್ಲಿ ಹನ್ನೊಂದು ತುಂಬಿದ ಮಕ್ಕಳು ಪ್ರಾಥಮಿಕ ಶಾಲೆ ಬಿಟ್ಟು ಪ್ರೌಢಶಾಲೆಗೆ ಹೋಗಬೇಕು. ಸರ್ಕಾರದ ಹಣದಿಂದ ನಡೆಯುವ ಶಾಲೆಗಳಿಗೆ ಶುಲ್ಕವಿಲ್ಲ, ಶಾಲೆಯಿಂದ ಶಾಲೆಗೆ ಅಲೆಯುವ ಪ್ರಮೇಯವೂ ಇಲ್ಲ. ಅಕ್ಟೋಬರ್ 31ರೊಳಗೆ ಕೌನ್ಸಿಲ್ ಎಂದು ಕರೆಯಲಾಗುವ ಸ್ಥಳೀಯ ಆಡಳಿತಕ್ಕೆ ಒಂದೇ ಅರ್ಜಿ ಸಲ್ಲಿಸಿದರೆ ಸಾಕು. ಲಂಡನ್ನಿನಲ್ಲಾದರೆ ಆರು ಶಾಲೆಗಳವರೆಗೆ, ಬೇರೆಡೆ ಕನಿಷ್ಠ ಮೂರು ಶಾಲೆಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬಹುದು. ಮಾರ್ಚ್ 1ರಂದು ದೇಶದಾದ್ಯಂತ ಒಂದೇ ದಿನ ಉತ್ತರ ಬರುತ್ತದೆ.

ಅರ್ಜಿ ಸುಲಭವಾಗಿತ್ತು, ಚರ್ಚೆ ಸುಲಭವಾಗಿರಲಿಲ್ಲ. ಮಗಳಿಗೆ ಇಷ್ಟವಾದ ಶಾಲೆಗೆ ಬೇಡಿಕೆ ವಿಪರೀತ. ಅದನ್ನು ಮೊದಲು ಬರೆದು ಸಿಗದೆ ಹೋದರೆ ಎರಡನೆಯದೂ ಕೈತಪ್ಪೀತು, ಆದ್ದರಿಂದ ಸಿಗುವುದನ್ನೇ ಮೊದಲು ಬರೆಯೋಣ ಎಂಬುದು ಅಳಿಯಂದಿರ ವಾದ. ಅವರ ಭಯ ನಿರಾಧಾರವಾಗಿತ್ತು, ಆದರೆ ನಿಷ್ಕಾರಣವಾಗಿರಲಿಲ್ಲ. ಬಹಳ ಹಿಂದೆ ಅಲ್ಲಿ ನೆಲೆಸಿದ ದಾವಣಗೆರೆ ಕಡೆಯ ಕುಟುಂಬವೊಂದು ಇದೇ ರೀತಿ ಪೆಟ್ಟು ತಿಂದ ಕಥೆಯನ್ನು ಅವರು ಕೇಳಿದ್ದರು.

ಆಗ ಕೆಲವು ಊರುಗಳಲ್ಲಿ, ತಮ್ಮನ್ನು ಮೊದಲ ಆಯ್ಕೆಯಾಗಿ ಬರೆದವರಿಗೇ ಶಾಲೆಗಳು ಮೊದಲು ಸ್ಥಾನ ನೀಡುತ್ತಿದ್ದವು. ಅದು ತುಂಬಿದ ಮೇಲೆ ಉಳಿದ ಸ್ಥಾನಗಳು ಎರಡನೆಯ ಆಯ್ಕೆಯವರಿಗೆ. ಮೇಲ್ನೋಟಕ್ಕೆ ಇದು ನ್ಯಾಯವೆನಿಸುತ್ತದೆ. ಆದರೆ ಮನಸ್ಸಿನಲ್ಲಿದ್ದುದನ್ನು ಹಾಗೆಯೇ ಬರೆದವನಿಗೆ ಮೊದಲನೆಯದು ತಪ್ಪಿದರೆ, ಎರಡನೆಯ ಶಾಲೆ ಅಷ್ಟರಲ್ಲಿ ಭರ್ತಿಯಾಗಿರುತ್ತಿತ್ತು. ಹೀಗಾಗಿ ಅರ್ಜಿಯೇ ಒಂದು ಜೂಜಾಯಿತು. ಆ ಜೂಜಿನಲ್ಲಿ ಗೆದ್ದವರು ಅಂಕಿಅಂಶ ಕಲೆಹಾಕಿ ಲೆಕ್ಕ ಹಾಕಬಲ್ಲ ಪೋಷಕರು. ಸೋತವರು ಮುಖ್ಯವಾಗಿ ಹೊಸದಾಗಿ ಬಂದವರು, ಭಾಷೆ ಬಾರದವರು, ಸರ್ಕಾರಿ ಕಾಗದದಲ್ಲಿ ನಿಜವನ್ನೇ ಬರೆಯಬೇಕೆಂದು ನಂಬಿದವರು.

2007ರ ಶಾಲಾ ಪ್ರವೇಶ ನಿಯಮಾವಳಿ ಈ ಪದ್ಧತಿಯನ್ನು ನಿಷೇಧಿಸಿತು. ಈಗ ಪೋಷಕರು ಯಾವ ಕ್ರಮದಲ್ಲಿ ಬರೆದಿದ್ದಾರೆಂಬುದನ್ನು ಪ್ರವೇಶದ ತೀರ್ಮಾನಕ್ಕೆ ಬಳಸುವಂತಿಲ್ಲ. ತನ್ನ ಹೆಸರು ಬರೆದ ಎಲ್ಲರನ್ನೂ ಪ್ರತಿಯೊಂದು ಶಾಲೆ ತನ್ನ ಪ್ರಕಟಿತ ಮಾನದಂಡದಂತೆ ಸಾಲಾಗಿ ನಿಲ್ಲಿಸುತ್ತದೆ. ಒಂದು ಮಗುವಿಗೆ ಎರಡು ಮೂರು ಕಡೆ ಸ್ಥಾನ ಸಿಗುವಂತಿದ್ದರೆ, ಕೌನ್ಸಿಲ್ಲಿನ ಕಂಪ್ಯೂಟರು ಪೋಷಕರ ಪಟ್ಟಿಯಲ್ಲಿ ಮೇಲಿರುವುದನ್ನು ಉಳಿಸಿ ಉಳಿದವನ್ನು ಬಿಡುಗಡೆ ಮಾಡುತ್ತದೆ. ತೆರವಾದ ಸ್ಥಾನ ಸಾಲಿನಲ್ಲಿ ಮುಂದಿನ ಮಗುವಿಗೆ. ನಮ್ಮ ಸಿಇಟಿಯ ಆಪ್ಷನ್ ಎಂಟ್ರಿ ಬಲ್ಲವರಿಗೆ ಇದು ಅಪರಿಚಿತವಲ್ಲ. ನಮ್ಮಲ್ಲಿ ರ್‍ಯಾಂಕಿನ ಸಾಲು ಮುಖ್ಯ. ಅಲ್ಲಿ ಶಾಲೆಗೊಂದು ಸಾಲು. ಇದರ ಗಣಿತವನ್ನು ಗೇಲ್ ಮತ್ತು ಶ್ಯಾಪ್ಲಿ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು 1962ರಲ್ಲೇ ಬರೆದಿದ್ದರು. ಆ ಮಾರ್ಗದ ಕೆಲಸಕ್ಕಾಗಿ ಶ್ಯಾಪ್ಲಿ ಹಾಗೂ ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ನಿಜವನ್ನು ಬರೆದವನಿಗೆ ಅದರಿಂದಲೇ ನಷ್ಟವಾಗದಂಥ ನಿಯಮವನ್ನು ರೂಪಿಸಲು ಸಾಧ್ಯವೆಂಬುದು, ಮೂರು ದಶಕ ಕಡತಗಳ ನಡುವೆ ಕಳೆದ ನನಗೆ ಸಣ್ಣ ಸಂಗತಿಯಾಗಿ ಕಾಣಲಿಲ್ಲ. ನಮ್ಮ ಅನೇಕ ಅರ್ಜಿ ನಮೂನೆಗಳು ಸುಳ್ಳನ್ನು ಕೈಹಿಡಿದು ಬರೆಸುತ್ತವೆ.

ಅಳಿಯಂದಿರಿಗೆ ಇದನ್ನೆಲ್ಲ ವಿವರಿಸಿ, ಇಷ್ಟದ ಕ್ರಮದಲ್ಲೇ ಬರೆಸಿದೆ. ಮಾರ್ಚಿಯಲ್ಲಿ ಸಿಕ್ಕಿದ್ದು ಮೂರನೆಯ ಆಯ್ಕೆಯ ಶಾಲೆ. ಮೊದಲ ಶಾಲೆಯಲ್ಲಿ ಕೊನೆಯ ಸ್ಥಾನ ಪಡೆದ ಮಗುವಿನ ಮನೆ ನಮ್ಮದಕ್ಕಿಂತ ಹತ್ತಿರವಿತ್ತು.

ಸಮಸ್ಯೆಯ ತಿರುಳಿರುವುದು ಇಲ್ಲಿ. ಸಾಲನ್ನು ಯಾವ ಮಾನದಂಡದಿಂದ ನಿಲ್ಲಿಸಬೇಕು? ಪೋಷಕರಿಲ್ಲದೆ ಸರ್ಕಾರದ ಆಶ್ರಯದಲ್ಲಿ ಬೆಳೆಯುವ ಮಕ್ಕಳಿಗೆ ಮೊದಲ ಆದ್ಯತೆಯೆಂದು ನಿಯಮಾವಳಿ ಹೇಳುತ್ತದೆ, ಮೆಚ್ಚತಕ್ಕದ್ದು. ಅನಂತರ ಸಾಮಾನ್ಯವಾಗಿ ಅದೇ ಶಾಲೆಯಲ್ಲಿ ಓದುತ್ತಿರುವವರ ತಮ್ಮ ತಂಗಿಯರು, ಆಮೇಲೆ ಮನೆಯಿಂದ ಶಾಲೆಗಿರುವ ದೂರ. ಧರ್ಮಸಂಸ್ಥೆಗಳ ಶಾಲೆಗಳು ಧರ್ಮಶ್ರದ್ಧೆಯನ್ನೂ, ಗ್ರಾಮರ್ ಶಾಲೆಗಳು ಪರೀಕ್ಷೆಯನ್ನೂ ನೋಡುತ್ತವೆ. ಬೆಲೆಯೇ ವಸ್ತುಗಳನ್ನು ಹಂಚುತ್ತದೆಂದು ಎಂ.ಎ. ತರಗತಿಯಲ್ಲಿ ಕಲಿತವನು ನಾನು. ಶಾಲೆಯ ಬಾಗಿಲಲ್ಲಿ ಬೆಲೆಯನ್ನು ತಡೆದರೆ ಅದು ಪಕ್ಕದ ಬೀದಿಯ ಮನೆಯ ಬಾಡಿಗೆಯಲ್ಲಿ ಬಂದು ಕೂರುತ್ತದೆ. ಒಳ್ಳೆಯ ಹೆಸರಿನ ಶಾಲೆಯ ಸುತ್ತಲಿನ ಮನೆಗಳು ದುಬಾರಿ. ಶುಲ್ಕವಿಲ್ಲದ ಶಾಲೆಗೆ ಶುಲ್ಕವನ್ನು ಮನೆಯೊಡೆಯನಿಗೆ ಕಟ್ಟಿದಂತಾಯಿತು.

ಇದನ್ನು ಮುರಿಯಲೆಂದೇ ಬ್ರೈಟನ್ ನಗರ 2007ರಲ್ಲಿ ದಿಟ್ಟ ನಿರ್ಧಾರವೊಂದನ್ನು ಕೈಗೊಂಡಿತು. ಊರನ್ನು ವಲಯಗಳಾಗಿ ವಿಂಗಡಿಸಿ, ವಲಯದೊಳಗೆ ಶಾಲೆಯೊಂದಕ್ಕೆ ಸ್ಥಾನಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೂರ ಅಳೆಯುವ ಬದಲು ಲಾಟರಿ ಎತ್ತುವುದೆಂದಾಯಿತು. ಮಕ್ಕಳ ಭವಿಷ್ಯವನ್ನು ಅದೃಷ್ಟಕ್ಕೆ ಬಿಡುವುದೇ ಎಂಬ ಆಕ್ರೋಶ ಎದ್ದಿತು. ನನಗೆ ಆ ಆಕ್ರೋಶ ಒಪ್ಪಿಗೆಯಾಗದು. ತೊಂಬತ್ತರ ದಶಕದಲ್ಲಿ ತಾಲ್ಲೂಕೊಂದರಲ್ಲಿ ಆಶ್ರಯ ನಿವೇಶನಗಳನ್ನು ಹಂಚಿದಾಗ, ಯಾರಿಗೆ ಯಾವ ನಿವೇಶನವೆಂಬುದನ್ನು ಶಾಲಾ ಬಾಲಕಿಯೊಬ್ಬಳ ಕೈಯಿಂದ ಚೀಟಿ ಎತ್ತಿಸಿ ನಿರ್ಧರಿಸಿದೆವು. ಹಳ್ಳದ ಪಕ್ಕದ ನಿವೇಶನ ಬಂದವರೂ ಗೊಣಗಿದರೇ ಹೊರತು ಮೋಸವೆನ್ನಲಿಲ್ಲ. ಅವರ ತಕರಾರು ಇದ್ದದ್ದು ಅದಕ್ಕೂ ಮುನ್ನ ತಯಾರಾದ ಫಲಾನುಭವಿಗಳ ಪಟ್ಟಿಯ ಬಗ್ಗೆ!

ಬ್ರೈಟನ್ನಿನ ಪ್ರಯೋಗ ಸೊರಗಿದ್ದೂ ಅಲ್ಲಿಯೇ. ಲಾಟರಿಯಿದ್ದದ್ದು ವಲಯದೊಳಗೆ ಮಾತ್ರ; ಬೇಡಿಕೆಯ ಶಾಲೆಗಳ ವಲಯಗಳಾಚೆ ಬಡ ಬಡಾವಣೆಗಳು ಉಳಿದುಕೊಂಡವು. ನಮ್ಮಲ್ಲೂ ಶಿಕ್ಷಣ ಹಕ್ಕು ಕಾಯ್ದೆಯ ಶೇ 25ರ ಸೀಟುಗಳಿಗೆ ಕಂಪ್ಯೂಟರಿನಲ್ಲಿ ಲಾಟರಿ ಎತ್ತುವ ಏರ್ಪಾಡಿತ್ತು. 2019ರಲ್ಲಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದಲ್ಲಿ ಖಾಸಗಿ ಅನುದಾನರಹಿತ ಶಾಲೆಗೆ ಈ ಹೊಣೆಯಿಲ್ಲವೆಂದು ರಾಜ್ಯ ಸರ್ಕಾರ ನಿಯಮ ತಿದ್ದಿತು. ಲಾಟರಿಗೇನೂ ಆಗಲಿಲ್ಲ, ಎತ್ತಲು ಸೀಟುಗಳೇ ಕರಗಿದವು.

ಬಡ ಕುಟುಂಬದ ಮಕ್ಕಳಿಗೆ ಆದ್ಯತೆ ನೀಡಲು 2014ರಿಂದ ಇಂಗ್ಲೆಂಡಿನ ನಿಯಮಾವಳಿ ಶಾಲೆಗಳಿಗೆ ಅವಕಾಶ ಕೊಟ್ಟಿದೆ. ಆದರೆ ಕಡ್ಡಾಯ ಮಾಡಿಲ್ಲ. ಶಾಲೆಗಳ ಮರ್ಜಿಗೆ ಬಿಟ್ಟ ನ್ಯಾಯ ಎಷ್ಟು ದೂರ ಹೋದೀತು? ಬೇಡಿಕೆ ಹೆಚ್ಚಿರುವ ಪ್ರತಿ ಶಾಲೆಯಲ್ಲಿ ಒಂದಷ್ಟು ಸ್ಥಾನಗಳನ್ನು ದೂರ ನೋಡದೆ ಬಡ ಮಕ್ಕಳಿಗೆ ಮೀಸಲಿಟ್ಟು, ಅವರೊಳಗೆ ಲಾಟರಿ ಎತ್ತುವುದನ್ನು ಕಡ್ಡಾಯಗೊಳಿಸಬೇಕೆಂಬುದು ನನ್ನ ಅಭಿಪ್ರಾಯ. ಹಂಚಿಕೆಯ ಯಂತ್ರವನ್ನು ಅಷ್ಟು ಜಾಣ್ಮೆಯಿಂದ ಕಟ್ಟಿದವರಿಗೆ ಇದು ಕಷ್ಟವಲ್ಲ. ಮನೆ ಕೊಂಡವರ ಮತಗಳನ್ನು ಎದುರಿಸುವುದು ಕಷ್ಟ.

ಮೊಮ್ಮಗಳು ಮೂರನೆಯ ಆಯ್ಕೆಯ ಶಾಲೆಯಲ್ಲಿ ಸಂತೋಷವಾಗಿದ್ದಾಳೆ. ಅವಳ ತಮ್ಮನಿಗೆ ಬೇರೆ ಶಾಲೆ ಬೇಕೆಂದು ಅಳಿಯಂದಿರು ಈಗಿನಿಂದಲೇ ನಕ್ಷೆ ಹರಡಿಕೊಂಡು ಬಾಡಿಗೆ ಮನೆಗಳ ದೂರ ಅಳೆಯುತ್ತಿದ್ದಾರೆ. ನಾನು ಬೇಡವೆಂದಿಲ್ಲ.