ಪರಲೋಕವೆಂಬ ಮಾತು, ನಮ್ಮ ಅಸಡ್ಡೆ

ವಾಚಕ ಮಹಾಶಯರು ಮನ್ನಿಸಬೇಕು. ಈ ಲೇಖನವನ್ನು ನಾವು ನಮ್ಮದೇ ಒಂದು ತಪ್ಪಿನಿಂದ ಆರಂಭಿಸುತ್ತೇವೆ.

ಐದನೆಯ ಇಯತ್ತೆಯ ಹುಡುಗನೊಬ್ಬನು ನಾಲ್ಕು ದಿನ ಶಾಲೆಗೆ ಬಂದಿರಲಿಲ್ಲ. ಅವನ ಅಜ್ಜಿ ತೀರಿಕೊಂಡಿದ್ದಳು. ಕ್ರೈಸ್ತ ಮನೆತನ. ಮರಳಿ ಬಂದ ದಿನ ಅವನು ಎದ್ದು ನಿಂತು, "ಗುರುಗಳೇ, ಅಜ್ಜಿ ಪರಲೋಕದಲ್ಲಿದ್ದಾಳೆ, ಕಡೆಯ ದಿನ ಮತ್ತೆ ಏಳುತ್ತಾಳೆ ಅಂತ ಅಪ್ಪ ಹೇಳಿದರು. ಖರೇ ಏನ್ರಿ?" ಎಂದು ಕೇಳಿದನು. ವರ್ಗದಲ್ಲಿ ನಗೆ ಎದ್ದಿತು. ನಾವು ನಗಲಿಲ್ಲವೆಂಬುದು ನಿಜ. ಆದರೆ "ನಮ್ಮ ಪುರಾಣಗಳಲ್ಲಿ ಇಂದ್ರನ ಸ್ವರ್ಗವಿದ್ದಂತೆ ಅವರಲ್ಲಿಯೂ ಒಂದಿದೆ, ಪುಣ್ಯವಂತರು ಅಲ್ಲಿಗೆ ಹೋಗುತ್ತಾರೆ" ಎಂದು ಹೇಳಿ ಪಾಠವನ್ನು ಮುಂದುವರಿಸಿದೆವು. ಹುಡುಗನು ಸುಮ್ಮನೆ ಕುಳಿತನು.

ನಮ್ಮ ಉತ್ತರ ತಪ್ಪಾಗಿತ್ತು. ಆ ಹುಡುಗನ ಮನೆಯ ನಂಬಿಕೆ ಅದಲ್ಲ. ನಾವು ಆ ಮತದವರಲ್ಲ. ಮತಪ್ರಚಾರವು ಶಿಕ್ಷಕನ ಕೆಲಸವೂ ಅಲ್ಲ. ಆದರೆ ಪರರ ನಂಬಿಕೆಯನ್ನು ಹೇಳತಕ್ಕ ಪ್ರಸಂಗ ಬಂದಾಗ, ಆ ಪರರೇ ಕೇಳಿ "ಹೌದು, ಇದು ನಮ್ಮದೇ" ಎಂದು ಒಪ್ಪುವಂತೆ ಹೇಳುವುದು ಶಿಕ್ಷಕನ ಧರ್ಮ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳಲ್ಲಿ ಕನ್ನಡವನ್ನು ಉಳಿಸಿಕೊಂಡು ಬಾಳುವ ನಮಗೆ, ನಮ್ಮದನ್ನು ಅರಿಯದವರು ನಮ್ಮ ಬಗ್ಗೆ ಆಡುವ ಮಾತು ಎಷ್ಟು ನೋಯಿಸುತ್ತದೆಂಬುದನ್ನು ಬೇರೆಯವರು ತಿಳಿಸಬೇಕಾಗಿಲ್ಲ.

ಅಮೇರಿಕದ ರಾಯಲ್ ಗೌಲ್ಡ್ ವೈಲ್ಡರ್ ಕೊಲ್ಹಾಪುರಕ್ಕೆ ಬಂದು ನೆಲೆಸಿದ್ದು 1852ರಲ್ಲಿ. ವೈದ್ಯ ವಿಲಿಯಂ ವಾನ್ಲೆಸ್ ಮಿರಜದಲ್ಲಿ ಆಸ್ಪತ್ರೆಯನ್ನು ತೆರೆದದ್ದು 1894ರಲ್ಲಿ. ನೂರೆಪ್ಪತ್ತು ವರ್ಷಗಳಿಗೂ ಮಿಕ್ಕಿ ಈ ಮತದವರು ನಮ್ಮ ನೆರೆಯವರಾಗಿದ್ದಾರೆ. ಅವರ ಆಸ್ಪತ್ರೆಯ ಔಷಧವನ್ನು ಕುಡಿದೆವು. ಅವರ ಆಸೆ ಏನೆಂದು ಕೇಳಲಿಲ್ಲ. ಇದಕ್ಕೆ ಅಸಡ್ಡೆಯೆಂಬ ಹೆಸರಲ್ಲದೆ ಬೇರೆ ಹೆಸರಿಲ್ಲ.

ನಮ್ಮ ಶಿಕ್ಷಕ ಮಿತ್ರರಲ್ಲಿ ಎರಡು ಮಾತುಗಳು ರೂಢಿಯಲ್ಲಿವೆ. ಮೊದಲನೆಯದು ನಾವು ಆಡಿದ ಮಾತೇ: ಕ್ರೈಸ್ತರ ಪರಲೋಕವೂ ಪುರಾಣದ ಸ್ವರ್ಗವೂ ಒಂದೇ. ಎರಡನೆಯದು ಇನ್ನೂ ಕಟುವಾದದ್ದು: ಪರಲೋಕವೆಂಬುದು ಬಡವರನ್ನು ಸೆಳೆಯಲು ತೋರಿಸುವ ಲಂಚ.

ಮೊದಲನೆಯದನ್ನು ನೋಡೋಣ. ಪುರಾಣದ ಸ್ವರ್ಗವು ಪುಣ್ಯದ ಫಲ. ಪುಣ್ಯ ತೀರಿದೊಡನೆ ಮರ್ತ್ಯಕ್ಕೆ ಮರಳತಕ್ಕದ್ದೆಂದು ಭಗವದ್ಗೀತೆಯೂ ಹೇಳುತ್ತದೆ. ಬೈಬಲ್ಲಿನ ಬೋಧನೆ ಇದಕ್ಕೆ ಬಹುಮಟ್ಟಿಗೆ ವಿರುದ್ಧವಾದದ್ದು. ಅಲ್ಲಿಗೆ ಪ್ರವೇಶವು ಗಳಿಕೆಯಿಂದಲ್ಲ, ದೇವರ ಕೃಪೆಯಿಂದ. ಯೇಸು ಹೇಳಿದ ಸಾಮ್ಯವೊಂದರಲ್ಲಿ, ಮುಂಜಾನೆಯಿಂದ ದ್ರಾಕ್ಷಿಯ ತೋಟದಲ್ಲಿ ದುಡಿದವನಿಗೂ ಹೊತ್ತು ಮುಳುಗುವ ಮುನ್ನ ಒಂದೇ ತಾಸು ದುಡಿದವನಿಗೂ ಯಜಮಾನನು ಒಂದೇ ಕೂಲಿಯನ್ನು ಕೊಡುತ್ತಾನೆ. ನಮ್ಮ ಕಬ್ಬಿನ ಗದ್ದೆಯ ಕೂಲಿಯವರು ಇದನ್ನು ಕೇಳಿದರೆ ಅಂದಿನವರಂತೆಯೇ ಗೊಣಗಿಯಾರು. ಗೊಣಗಲೆಂದೇ ಆ ಕಥೆಯನ್ನು ಹೇಳಿದ್ದು. ಶಿಲುಬೆಯ ಮೇಲೆ ಪಕ್ಕದಲ್ಲಿ ಸಾಯುತ್ತಿದ್ದ ಅಪರಾಧಿಗೂ ಅಂದೇ ತನ್ನೊಡನಿರುವ ಭಾಗ್ಯವನ್ನು ಯೇಸು ವಾಗ್ದಾನಮಾಡಿದನು. ಆ ಮನುಷ್ಯನಲ್ಲಿ ಎಣಿಸಲು ಯಾವ ಪುಣ್ಯವಿತ್ತು?

ಇನ್ನು ಅಪ್ಸರೆಯರ ಮಾತು. ಪುನರುತ್ಥಾನದಲ್ಲಿ ಮದುವೆಮಾಡಿಕೊಳ್ಳುವುದೂ ಇಲ್ಲ, ಮಾಡಿಕೊಡುವುದೂ ಇಲ್ಲವೆಂದು ಮತ್ತಾಯನ ಸುವಾರ್ತೆಯ 22ನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ. ಅಷ್ಟೇ ಅಲ್ಲ, ದೇಹವನ್ನು ಕಳಚಿ ಆತ್ಮವು ಮೋಡಗಳಲ್ಲಿ ತೇಲುವುದೇ ಅಲ್ಲಿಯ ಕಡೆಯ ಆಸೆಯಲ್ಲ. ದೇಹವು ಬೀಜದಂತೆ ಬಿತ್ತಲ್ಪಟ್ಟು ಬೇರೊಂದು ರೂಪದಲ್ಲಿ ಎದ್ದುಬರುವುದೆಂದು ಪೌಲನು ಕೊರಿಂಥದವರಿಗೆ ಬರೆದನು. ಸಿಮೆಟ್ರಿ ಎಂಬ ಶಬ್ದವು 'ಮಲಗುವ ತಾಣ' ಎಂಬರ್ಥದ ಗ್ರೀಕ್ ಮಾತಿನಿಂದ ಬಂದದ್ದು. ಮಲಗಿದವರು ಏಳುವರೆಂಬುದೇ ಅದರ ಅಭಿಪ್ರಾಯ. ಆ ಹುಡುಗನ ಪ್ರಶ್ನೆ ಇದೇ ಆಗಿತ್ತು. ನಾವು ಇಂದ್ರನ ಸಭೆಯನ್ನು ವರ್ಣಿಸಿ ಕುಳ್ಳಿರಿಸಿದೆವು.

ನಮ್ಮ ಭ್ರಾಂತಿಗೆ ಭಾಷೆಯೂ ಕಾರಣವಾಗಿದೆ. ಬಳ್ಳಾರಿಯ ಲಂಡನ್ ಮಿಷನ್ನಿನವರು ಕನ್ನಡ ಬೈಬಲ್ಲನ್ನು ಪೂರ್ತಿಗೊಳಿಸಿದ್ದು 1831ರಲ್ಲಿ. ಪ್ರಾಟೆಸ್ಟಂಟರು ತಲೆಮಾರುಗಳಿಂದ ಓದುತ್ತ ಬಂದ ಕನ್ನಡ ಬೈಬಲ್ಲಿನಲ್ಲಿ ಇರುವ ಮಾತು 'ಪರಲೋಕರಾಜ್ಯ'. ಕಥೋಲಿಕರ ಕನ್ನಡದಲ್ಲಿಯೂ ಇಲ್ಲಿಯ ಮರಾಠಿ ಚರ್ಚುಗಳಲ್ಲಿಯೂ 'ಸ್ವರ್ಗ' ಎಂಬ ರೂಢಿ. ಕನ್ನಡದಲ್ಲಿ ಪರಲೋಕಕ್ಕೆ ಹೋದರೆಂದರೆ ಸತ್ತರೆಂದೇ ಅರ್ಥವಾಗುವುದರಿಂದ, ಆ ರಾಜ್ಯವು ಸತ್ತವರ ನಾಡೆಂದು ನಾವು ತಿಳಿದೆವು. ಆದರೆ ಮತ್ತಾಯನು 'ಪರಲೋಕರಾಜ್ಯ' ಎಂದಲ್ಲಿ ಮಾರ್ಕನೂ ಲೂಕನೂ 'ದೇವರ ರಾಜ್ಯ' ಎನ್ನುತ್ತಾರೆ. ದೇವರ ಹೆಸರನ್ನು ಬಾಯಿಗೆ ತರಲು ಯೆಹೂದ್ಯರು ಅಂಜುತ್ತಿದ್ದರು. ಆದಕಾರಣ 'ಪರಲೋಕ' ಎಂದು ಸೂಚಿಸುವುದು ಅವರಲ್ಲಿ ರೂಢಿಯಾಗಿತ್ತು. ಅದು ಒಂದು ಊರಿನ ಹೆಸರಲ್ಲ, ಒಂದು ಆಳ್ವಿಕೆಯ ಹೆಸರು. ಯೇಸು ಕಲಿಸಿದ ಪ್ರಾರ್ಥನೆಯೂ "ನಮ್ಮನ್ನು ಮೇಲಕ್ಕೆ ಒಯ್ಯಿ" ಎಂದು ಬೇಡುವುದಿಲ್ಲ. ಆ ಆಳ್ವಿಕೆ ಭೂಮಿಗೆ ಬರಲೆಂದು ಬೇಡುತ್ತದೆ. ಬೈಬಲ್ಲಿನ ಕಟ್ಟಕಡೆಯ ಪುಸ್ತಕವಾದ ಪ್ರಕಟನೆಯಲ್ಲಿ ಮನುಷ್ಯರು ಏರಿ ಹೋಗುವುದಿಲ್ಲ, ಪಟ್ಟಣವೇ ಇಳಿದು ಬರುತ್ತದೆ. ಹೊಸ ಆಕಾಶದೊಡನೆ ಹೊಸ ಭೂಮಿಯೂ ಇರುತ್ತದೆ. ಆ ಪಟ್ಟಣದ ಬಾಗಿಲುಗಳನ್ನು ಮುಚ್ಚುವುದಿಲ್ಲ. ಅಲ್ಲಿ ಸಾವಿಲ್ಲ, ಗೋಳಾಟವಿಲ್ಲ. ಅಲ್ಲಿಯ ಮರದ ಎಲೆಗಳು ಜನಾಂಗಗಳನ್ನು ವಾಸಿಮಾಡುವ ಮದ್ದು. ಅದೇ ಪುಸ್ತಕದ 7ನೆಯ ಅಧ್ಯಾಯದಲ್ಲಿ ಸಕಲ ಕುಲಗಳ, ಸಕಲ ಭಾಷೆಗಳ ಜನರು ಸಿಂಹಾಸನದ ಮುಂದೆ ನಿಂತಿದ್ದಾರೆ. ಗಡಿಯಲ್ಲಿರುವ ಕನ್ನಡಿಗರು ಈ ಒಂದು ಚಿತ್ರಕ್ಕಾಗಿಯಾದರೂ ಆ ಪುಸ್ತಕವನ್ನು ತೆರೆದು ನೋಡಬಹುದಾಗಿತ್ತು.

ಇನ್ನು ಎರಡನೆಯ ಮಾತು, ಲಂಚದ್ದು. ಲಂಚಕ್ಕೆ ಒಂದು ಲಕ್ಷಣವಿದೆ: ತೆಗೆದುಕೊಳ್ಳುವವನಿಗೆ ಅದು ಏತಕ್ಕೆಂದು ಮೊದಲೇ ಗೊತ್ತಿರಬೇಕು. ಮತ್ತಾಯನ 25ನೆಯ ಅಧ್ಯಾಯದಲ್ಲಿ ಕಡೆಯ ತೀರ್ಪಿನ ಚಿತ್ರವಿದೆ. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಬೆತ್ತಲೆಯವರಿಗೆ ಬಟ್ಟೆ ಕೊಟ್ಟವರನ್ನೂ ರೋಗಿಗಳನ್ನೂ ಸೆರೆಯಲ್ಲಿದ್ದವರನ್ನೂ ನೋಡಲು ಹೋದವರನ್ನೂ ಅರಸನು ಒಳಗೆ ಕರೆಯುತ್ತಾನೆ. ಅವರಾದರೋ ಬೆರಗಾಗಿ, ಇದನ್ನೆಲ್ಲ ನಿನಗೆ ಯಾವಾಗ ಮಾಡಿದೆವೆಂದು ಕೇಳುತ್ತಾರೆ! ಫಲಕ್ಕಾಗಿ ಮಾಡಿದವರು ಲೆಕ್ಕ ಇಟ್ಟಿರುತ್ತಿದ್ದರು. ಅವರಲ್ಲಿ ಲೆಕ್ಕವೇ ಇಲ್ಲ. ಇದನ್ನು ಲಂಚವೆನ್ನುವವರು ಆ ಪುಟವನ್ನು ಓದಿದವರಲ್ಲ.

"ನಮ್ಮ ಶರಣರು ಆಚಾರದಲ್ಲಿಯೇ, ಸತ್ಯದ ನುಡಿಯಲ್ಲಿಯೇ ದೇವಲೋಕವನ್ನು ಕಂಡರಲ್ಲ! ಸತ್ತ ಮೇಲಿನ ಮಾತು ನಮಗೇಕೆ?" ಎಂದು ಮಿತ್ರರು ಕೇಳಿಯಾರು. ಶರಣರ ಆ ದೃಷ್ಟಿಗೆ ನಾವೂ ತಲೆಬಾಗುತ್ತೇವೆ. ಎರಡೂ ಒಂದೇ ಎನ್ನುವುದಿಲ್ಲ. ಸತ್ತವರು ಏಳುವರೆಂಬುದನ್ನು ಶರಣರು ಹೇಳಲಿಲ್ಲ. ಆದರೆ ಒಂದನ್ನು ಮೆಚ್ಚಲು ಇನ್ನೊಂದನ್ನು ಹಳಿಯಬೇಕೇ? ಕ್ರೈಸ್ತ ಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು ಹಾಗೆ ಮಾಡಲಿಲ್ಲ. ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದವರು ಅವರೇ. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರೂ ಅವರೇ. ಅವರು ನಮ್ಮ ಸರ್ವಜ್ಞನನ್ನು ಅಷ್ಟು ಶ್ರದ್ಧೆಯಿಂದ ಓದಿದರು. ಅವರ ಯೇಸುವನ್ನು ನಾವು ಅದರ ಕಾಲುಭಾಗ ಶ್ರದ್ಧೆಯಿಂದಲಾದರೂ ಓದಿದ್ದೇವೆಯೇ?

ಲಂಚವೆನ್ನುವವರು ತಾವು ಎಲ್ಲಿ ಕುಳಿತು ಮಾತನಾಡುತ್ತಿದ್ದೇವೆಂಬುದನ್ನೂ ನೋಡಿಕೊಳ್ಳಬೇಕು. ಇಚಲಕರಂಜಿಗೆ ದೂರವಲ್ಲದ ಮಾಣಗಾವದಲ್ಲಿ 1920ರಲ್ಲಿ ಅಸ್ಪೃಶ್ಯರ ಪರಿಷತ್ತು ಕೂಡಿತು. ಶಾಹೂ ಮಹಾರಾಜರೂ ಅಂಬೇಡ್ಕರರೂ ಅಲ್ಲಿದ್ದರು. ಊರ ಬಾವಿಯೂ ಗುಡಿಯ ಬಾಗಿಲೂ ಮುಚ್ಚಿದ್ದ ಜನರಿಗೆ, ಮೂಡಣ ಪಡುವಣಗಳಿಂದ ಬಂದವರೆಲ್ಲರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂಡುವರೆಂಬ ಯೇಸುವಿನ ಮಾತು ಏನಾಗಿ ಕೇಳಿಸಿರಬೇಕು! ಪಂಕ್ತಿಯಲ್ಲಿ ತನ್ನ ಎಲೆ ಎಂದೂ ತಪ್ಪದವನಿಗೆ ಅದು ಲಂಚವಾಗಿ ಕಂಡೀತು. ಪಂಕ್ತಿಯಿಂದ ಏಳಿಸಲ್ಪಟ್ಟವನಿಗೆ ಅದು ನ್ಯಾಯ.

ಇಷ್ಟು ಹೇಳಿದ ಮೇಲೆ ಕ್ರೈಸ್ತ ಬಂಧುಗಳಿಗೂ ಒಂದು ಮಾತನ್ನು ಹೇಳದಿದ್ದರೆ ನಾವು ಪಕ್ಷಪಾತಿಗಳಾಗುತ್ತೇವೆ. "ಇಲ್ಲಿ ಸಹಿಸು, ಅಲ್ಲಿ ಸಿಕ್ಕೀತು" ಎಂದು ಬಡವನ ಬಾಯಿ ಮುಚ್ಚಿಸುವ ಬೋಧಕನು ತನ್ನ ಗ್ರಂಥಕ್ಕೇ ದ್ರೋಹಮಾಡುತ್ತಾನೆ. ಪ್ರಭು ಬರುವನೆಂದು ಕೆಲಸಬಿಟ್ಟು ಕುಳಿತವರನ್ನು ಪೌಲನೇ ಥೆಸಲೊನಿಕದ ಪತ್ರದಲ್ಲಿ ಗದರಿಸಿದನು. ನಮ್ಮ ದೇಶದ ಚರ್ಚುಗಳಲ್ಲಿ ಜಾತಿಗೊಂದು ಸಾಲು, ಜಾತಿಗೊಂದು ಸ್ಮಶಾನ ಇದ್ದ ಉದಾಹರಣೆಗಳುಂಟು. ಹೂಳುವಾಗ ಬೇರೆಬೇರೆ ಮಾಡಿದವರು, ಏಳುವಾಗ ಒಂದಾಗುವೆವೆಂದು ಯಾವ ಬಾಯಿಂದ ಹೇಳುತ್ತಾರೆ? ನಿಮ್ಮ ಪರಲೋಕವನ್ನು ಲೋಕವು ನಂಬಬೇಕಾದರೆ ಅದರ ಸಾಕ್ಷಿ ನಿಮ್ಮ ಪಂಕ್ತಿಯಲ್ಲಿ ಕಾಣಬೇಕು.

ಶಿಕ್ಷಕ ಬಂಧುಗಳೇ, ಪರಲೋಕವುಂಟೇ ಇಲ್ಲವೇ ಎಂಬ ತೀರ್ಪು ನಮ್ಮಿಂದಾಗತಕ್ಕದ್ದಲ್ಲ. ಒಂದು ಮಗುವಿನ ದುಃಖಕ್ಕೆ ಆಧಾರವಾದ ನಂಬಿಕೆಯನ್ನು ಸರಿಯಾಗಿ ತಿಳಿದು ಹೇಳುವುದು, ತಿಳಿಯದಿದ್ದರೆ ತಿಳಿಯದೆಂದು ಹೇಳುವುದು, ಇವೆರಡು ಮಾತ್ರ ನಮ್ಮ ಕೈಯಲ್ಲಿವೆ. ನಾವು ಎರಡನ್ನೂ ಮಾಡಲಿಲ್ಲ. ಮುಂದಿನ ವಾರ ಆ ಹುಡುಗನನ್ನು ಕರೆದು, "ತಮ್ಮಾ, ಅಂದು ನಾವು ಹೇಳಿದ್ದು ತಪ್ಪು. ನಿಮ್ಮ ಮನೆಯಲ್ಲಿ ಏನು ಹೇಳುತ್ತಾರೋ ಅದನ್ನು ನೀನೇ ವರ್ಗಕ್ಕೆ ಹೇಳು" ಎಂದೆವು. ಅವನು ನಾಲ್ಕೇ ವಾಕ್ಯಗಳಲ್ಲಿ ಹೇಳಿದನು. ಆ ದಿನ ಯಾರೂ ನಗಲಿಲ್ಲ.