ಆಲೋಚನೆ ಮಾಡಿ ಹೇಳ್ತೇವೆ ಮಾಸ್ಟ್ರೇ!

ಪ್ರತಿ ವರ್ಷ ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ನಾವು ಮನೆ ಮನೆ ಹತ್ತಿ ಇಳಿಯುತ್ತೇವೆ. ಕುಂಬಳೆಯಿಂದ ಮಂಜೇಶ್ವರದವರೆಗೆ ಯಾವ ಕನ್ನಡ ಶಾಲೆಯ ಮಾಸ್ಟ್ರನ್ನು ಕೇಳಿದರೂ ಇದೇ ಕತೆ. ನೀರು ಬೆಲ್ಲ ಕೊಡುತ್ತಾರೆ, ಕುಳ್ಳಿರಿಸಿ ಮಾತಾಡಿಸುತ್ತಾರೆ. ಕೊನೆಗೆ ಒಂದೇ ಮಾತು: "ಸ್ವಲ್ಪ ಆಲೋಚನೆ ಮಾಡಿ ಹೇಳ್ತೇವೆ ಮಾಸ್ಟ್ರೇ."

ಬೇಡ ಎಂದವರ ಮೇಲೆ ನಮಗೆ ಸಿಟ್ಟಿಲ್ಲ. "ಇಂಗ್ಲಿಷ್ ಮೀಡಿಯಂಗೆ ಸೇರಿಸಿ ಆಯ್ತು" ಎಂದರೆ ಆಸರಿಗೆ ಕೊಟ್ಟದ್ದನ್ನು ಕುಡಿದು ಮುಂದಿನ ಮನೆಗೆ ಹೋಗುತ್ತೇವೆ. ನಮ್ಮ ತಕರಾರು ಇರುವುದು ಈ ಮುಗಿಯದ ಆಲೋಚನೆಯ ಮೇಲೆ.

ಏನು ಆಲೋಚನೆ ಅದು? ಬೆಂಗಳೂರಿನ ಭಾವನಿಗೆ ಫೋನು, ಗಲ್ಫಿನ ಅಣ್ಣನಿಗೆ ಫೋನು, ಪಕ್ಕದ ಮನೆಯವರು ಯಾವ ವ್ಯಾನಿಗೆ ಕಳಿಸುತ್ತಾರೆ ಎಂಬ ವಿಚಾರಣೆ. ಮುಂದೆ ಕೆಲಸಕ್ಕೆ ಮಲಯಾಳ ಬೇಡವೆ, ಮಂಗಳೂರಿನ ಕಾಲೇಜಿಗೆ ಇಂಗ್ಲಿಷ್ ಬೇಡವೆ... ಐದು ವರ್ಷದ ಮಗುವಿಗೆ ಇಪ್ಪತ್ತೈದು ತುಂಬುವ ತನಕದ ಲೆಕ್ಕ! ಆದರೆ ನಮ್ಮ ಒಂದನೇ ತರಗತಿಯಲ್ಲಿ ಅರ್ಧ ಗಂಟೆ ಕುಳಿತು ನೋಡಿದವರು ಎಷ್ಟು ಮಂದಿ? ಅಲ್ಲಿ ಇಂಗ್ಲಿಷೂ ಕಲಿಸುತ್ತೇವೆ ಎಂಬುದು, ಕೇರಳದ ಎಸ್.ಎಸ್.ಎಲ್.ಸಿ.ಯನ್ನು ಕನ್ನಡದಲ್ಲೇ ಬರೆಯಬಹುದು ಎಂಬುದು ಎಷ್ಟೋ ಮನೆಗಳಲ್ಲಿ ಗೊತ್ತೇ ಇಲ್ಲ.

ಇತ್ತ ಸರಕಾರ ಕಾಯುವುದಿಲ್ಲ. ಜೂನಿನಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ತಲೆ ಎಣಿಕೆ. ಡಿವಿಜನ್ ಎಷ್ಟು, ಅಧ್ಯಾಪಕರ ಹುದ್ದೆ ಎಷ್ಟು ಎಂಬುದು ಆ ಸಂಖ್ಯೆಯ ಮೇಲೆ. ಏಳನೆಯ ದಿನ "ಇಲ್ಲಿಗೇ ಸೇರಿಸ್ತೇವೆ" ಎಂದು ಬಂದರೆ ಮಗುವಿಗೆ ಜಾಗ ಉಂಟು, ಲೆಕ್ಕಕ್ಕೆ ಮಾತ್ರ ಸಿಕ್ಕುವುದಿಲ್ಲ. ನಿಮ್ಮ ಹುದ್ದೆ ಉಳಿಸಲು ಹೀಗೆ ಹೇಳುತ್ತೀರಿ ಎನ್ನುವವರೂ ಇದ್ದಾರೆ. ಹೌದು, ಅದೂ ಉಂಟು, ಅಡಗಿಸುವುದೇಕೆ? ಆದರೆ ಆ ಹುದ್ದೆಯ ಜೊತೆ ಹೋಗುವುದು ನಿಮ್ಮ ಊರಿನ ಕನ್ನಡ ಕ್ಲಾಸು.

ಸೇರಿಸಿದ ಮೇಲೂ ಆಲೋಚನೆ ನಿಲ್ಲುವುದಿಲ್ಲ. ಒಂದರಲ್ಲಿ ಕನ್ನಡ, ಮೂರರಲ್ಲಿ ಇಂಗ್ಲಿಷ್ ಮೀಡಿಯಂ, ಐದರಲ್ಲಿ ಫೀಸು ಭಾರವಾಗಿ ಪುನಃ ನಮ್ಮಲ್ಲಿಗೆ. ಹಾಗೆ ಬಂದ ಮಗುವೊಂದು ಒತ್ತಕ್ಷರ ಬಂದಲ್ಲೆಲ್ಲ ನಿಂತು ನಮ್ಮ ಮುಖ ನೋಡುತ್ತದೆ. ಇಂಗ್ಲಿಷ್ ಪುಸ್ತಕ ಕೊಟ್ಟರೆ ಅಲ್ಲೂ ಅದೇ. ಮನೆಯಲ್ಲಿ ಪಟಪಟ ತುಳು ಮಾತಾಡುವ ಚುರುಕು ಮಗು! ಅಪ್ಪ ಅಮ್ಮನ ಸಂಶಯವನ್ನೆಲ್ಲ ಅದು ಹೊತ್ತುಕೊಂಡಿದೆ.

ಈ ಅಭ್ಯಾಸ ಹಳೆಯದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ವರದಿ ಜಾರಿಯಾಗಲಿ, ಆಮೇಲೆ ನೋಡೋಣ ಎಂದು ಕಾದ ಮನೆಗಳನ್ನು ನಾವು ಬಲ್ಲೆವು. ವರದಿ ಜಾರಿಯಾಗಲಿಲ್ಲ. ಮಕ್ಕಳು ಕಾಯಲಿಲ್ಲ, ಬೆಳೆದರು.

ಅಧ್ಯಾಪಕರಾದ ನಾವೂ ಏನು ಕಡಿಮೆಯಿಲ್ಲ. ನಿಮ್ಮ ಮಕ್ಕಳನ್ನು ಎಲ್ಲಿ ಓದಿಸುತ್ತಿದ್ದೀರಿ ಎಂದು ಕೇಳಿದರೆ ನಮ್ಮಲ್ಲಿ ಕೆಲವರು ಮಾತು ತಪ್ಪಿಸುತ್ತಾರೆ. ಕೇಳಿ, ಬಿಡಬೇಡಿ.

ಈ ಸಲ ನಾವು ಅಂಗಳಕ್ಕೆ ಬಂದಾಗ ಹೌದು ಎನ್ನಿ, ಇಲ್ಲವೇ ಬೇಡ ಎನ್ನಿ. ಪಟ್ಟಿ ನಮ್ಮ ಚೀಲದಲ್ಲಿದೆ, ಪೆನ್ನೂ ಇದೆ.