ಶಿವಡಿಯಲ್ಲೊಂದು ಭಾನುವಾರ

ಮೂವರು ಸಂಸಾರವಂದಿಗರು ಭಾನುವಾರ ಬೆಳಗ್ಗೆ ಮಿಂದು, ಇಸ್ತ್ರಿಯಾದ ಬಟ್ಟೆ ತೊಟ್ಟು ಸ್ಮಶಾನಕ್ಕೆ ಹೊರಟರೆಂದರೆ ಮನೆಯಾಕೆ ಏನೆಂದಾಳು? ಆದುದರಿಂದ, ಶಿವಡಿಯ ಕೆಸರುದಂಡೆಗೆ ಬರುವ ಫ್ಲೆಮಿಂಗೊ ಹಕ್ಕಿಗಳನ್ನು ನೋಡಿಬರುತ್ತೇವೆಂದು ನಾವು ಮನೆಯಲ್ಲಿ ಹೇಳಿದೆವು. "ಐರೋಲಿಯ ಖಾಡಿಯಲ್ಲೇ ಹಕ್ಕಿ ಕೂತಿರುವಾಗ ಶಿವಡಿಗೇಕೆ?" ಎಂಬ ಪ್ರಶ್ನೆ ಬಂತು. ಪ್ರಶ್ನೆಗಳನ್ನು ನಾಳೆಗೆ ತಳ್ಳುವ ವಿದ್ಯೆ ಸರಕಾರಿ ಗುಮಾಸ್ತನಿಗೆ ಚೆನ್ನಾಗಿ ಗೊತ್ತು. ಆದರೆ ಅದು ಕಚೇರಿಯಲ್ಲಿ ನಡೆದಂತೆ ಮನೆಯಲ್ಲಿ ನಡೆಯದು. ನಿಜವನ್ನು ಹೇಳಿಯೇ ಹೊರಟೆವು.

ನಿಜವೇನೆಂದರೆ, ನಮ್ಮ ಮೇಲಿನ ಮಾಳಿಗೆಯಲ್ಲಿರುವ ಮಂಗಳೂರಿನ ಮಿತ್ರರ ತಾಯಿಗೆ ಈಗ ಎಂಬತ್ತು ದಾಟಿದೆ. ಬಾಸೆಲ್ ಮಿಶನ್ನಿನ ಕಾಲದಿಂದ ಪ್ರೊಟೆಸ್ಟಂಟರಾದ, ಮನೆಯಲ್ಲಿಯೂ ಚರ್ಚಿನಲ್ಲಿಯೂ ಕನ್ನಡವನ್ನೇ ಆಡುವ ಕುಟುಂಬ. ಆಕೆಯ ತಂದೆ ಮಿಶನ್ನಿನ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು. ಕಿಟ್ಟೆಲರ ನಿಘಂಟು 1894ರಲ್ಲಿ ಹೊರಬಂದದ್ದು ಆ ಮಿಶನ್ನಿನಿಂದಲೇ. ನಾಲ್ಕು ಕಾಸು ಹೆಚ್ಚು ಸಿಕ್ಕೀತೆಂದು ಅವರು ಮುಂಬಯಿಗೆ ಬಂದರು. 1949ರಲ್ಲಿ ಇಲ್ಲಿಯೇ ತೀರಿಕೊಂಡರು. ಮಗಳಿಗೆ ಆಗ ಏಳು ವರ್ಷ. ಊರಿಗೆ ಬಂದದ್ದು ಒಂದು ತಂತಿ, ತಿಂಗಳ ಮೇಲೆ ಒಂದು ಟ್ರಂಕು. "ಅಪ್ಪನಿಗೆ ಮಣ್ಣು ಕೊಟ್ಟ ಜಾಗ ಹೇಗುಂಟೆಂದು ಒಮ್ಮೆ ನೋಡಿ ಹೇಳು" ಎಂದು ಆಕೆ ಪ್ರತಿ ಕ್ರಿಸ್ಮಸ್ಸಿಗೂ ಮಗನಿಗೆ ಹೇಳುವರು. ಮಗ ಪ್ರತಿ ಕ್ರಿಸ್ಮಸ್ಸಿಗೂ "ಆಗಲಿ" ಎನ್ನುವರು. ಈ ಸಲ ತಾಯಿ ಹಾಸಿಗೆ ಹಿಡಿದಿದ್ದಾರೆ.

ವಾಶಿಯಲ್ಲಿ ಗಾಡಿ ಬದಲಿಸಿ ಶಿವಡಿಯಲ್ಲಿ ಇಳಿದೆವು. ಮುಂದೆ ಮುಂದೆ ಹೆಜ್ಜೆ ಹಾಕುತ್ತಿದ್ದ ನಮ್ಮನ್ನು ಕಂಡು ಧಾರವಾಡದ ಮಿತ್ರರು, "ಎಲ್ಲಾರೂ ಒಂದಿನಾ ಹೋಗೂ ಜಾಗಾನ ಅಲ್ಲೇನ್ರೀ, ಇಷ್ಟ್ಯಾಕ ಗಡಬಡಿ?" ಎಂದರು.

ಕ್ರಾಫರ್ಡ್ ಮಾರ್ಕೆಟಿನಲ್ಲಿ ಹಣ್ಣು ಕೊಂಡ ವಾಚಕರಿಗೆ ಆರ್ಥರ್ ಕ್ರಾಫರ್ಡನ ಹೆಸರು ಹೊಸದಲ್ಲ. ಮುನಿಸಿಪಲ್ ಕಮಿಶನರನಾಗಿದ್ದ ಆತ 1865ರಲ್ಲಿ ತೋಟಗಾರಿಕೆಯ ಸಂಘವೊಂದರ ಜಾಗವನ್ನು ಪಡೆದು ಈ ಸ್ಮಶಾನವನ್ನು ಮಾಡಿಸಿದನು. ಮೊದಲು ಇದು ಯುರೋಪಿಯನ್ನರಿಗಾಗಿ ಇದ್ದಿತು. ತೋಟದ ಗುಣ ಇನ್ನೂ ಹೋಗಿಲ್ಲ, ನೆರಳು ಧಾರಾಳ. ಬೋರಿಬಂದರಿನ ಸ್ಟೇಶನ್ನನ್ನು ಕಟ್ಟಿಸಿದ ಶಿಲ್ಪಿ ಎಫ್. ಡಬ್ಲ್ಯೂ. ಸ್ಟೀವನ್ಸ್ ಮಲಗಿರುವುದು ಇಲ್ಲಿಯೇ. 1878ರಿಂದ ಹತ್ತು ವರ್ಷ ಅದರ ಕೆಲಸ ನಡೆಯಿತು. 1900ರಲ್ಲಿ ಆತ ಇದೇ ಊರಲ್ಲಿ ಸತ್ತನು. ಉದ್ಯಾನ ಎಕ್ಸ್‌ಪ್ರೆಸ್ಸಿನಿಂದ ಹಾಸಿಗೆ ಟ್ರಂಕು ಇಳಿಸಿಕೊಂಡು, ತಲೆಯೆತ್ತಿ ನೋಡಿ, ಇಂಥ ಊರಲ್ಲಿ ನಮಗೆ ಅನ್ನ ಹುಟ್ಟೀತೇ ಎಂದು ಬೆದರಿದ ದಿನ ನಮಗೆ ನೆನಪಾಯಿತು. ನಿಘಂಟಿನ ಕಿಟ್ಟೆಲರು 1903ರಲ್ಲಿ ತೀರಿಕೊಂಡದ್ದು ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ. ಯಾರು ಎಲ್ಲಿ ದುಡಿದು ಎಲ್ಲಿ ಮಣ್ಣಾಗುವರೋ!

'ಕಾಕಾ' ಜೋಸೆಫ್ ಬ್ಯಾಪ್ಟಿಸ್ಟಾ ಅವರ ಸಮಾಧಿಯೂ ಇಲ್ಲಿದೆ. 1916ರ ಏಪ್ರಿಲ್ಲಿನಲ್ಲಿ ಬೆಳಗಾವಿಯಲ್ಲಿ ತಿಲಕರ ಹೋಮ್ ರೂಲ್ ಲೀಗು ಹುಟ್ಟಿದಾಗ ಅಧ್ಯಕ್ಷರಾದವರು ಇವರೇ. 1930ರಲ್ಲಿ ತೀರಿಕೊಂಡರು. ಇದನ್ನು ಹೇಳಿದೊಡನೆ ಧಾರವಾಡದವರು ಚಪ್ಪಲಿ ಕಳಚಿ ಕೈಮುಗಿದರು. ಬೆಳಗಾವಿಯ ಹೆಸರು ಬಂದರೆ ಅವರು ಹಾಗೆಯೇ.

ತಾತನ ಜಾಗ ಸುಲಭಕ್ಕೆ ಸಿಗಲಿಲ್ಲ. ತಾರೀಕು ಹಿಡಿದು ದಫ್ತರ ತೆಗೆಸಿದೆವು. ಕಾಗದ ಹಳದಿಗಟ್ಟಿದ್ದರೂ ಕೆಂಪು ಮಸಿಯ ಗೆರೆಗಳು ನೆಟ್ಟಗಿದ್ದವು. ಅದನ್ನು ಬರೆದಿಟ್ಟ ಅಜ್ಞಾತ ಗುಮಾಸ್ತನಿಗೆ ಮನಸ್ಸಿನಲ್ಲಿಯೇ ನಮಸ್ಕರಿಸಿದೆವು. ಒಂದು ತಾಸು ಕಲ್ಲಿನಿಂದ ಕಲ್ಲಿಗೆ ಅಲೆದ ಮೇಲೆ ಮೊಣಕಾಲೆತ್ತರದ ಒಂದು ಕಲ್ಲು ಸಿಕ್ಕಿತು. ಹೆಸರು, ತಾರೀಕು ಇಂಗ್ಲಿಷಿನಲ್ಲಿ. ಕೆಳಗೆ ಒಂದೇ ಒಂದು ಕನ್ನಡ ಶಬ್ದ: "ಮಗಳೂರು."

ಸೊನ್ನೆ ಇಲ್ಲ! ಏಳು ವರ್ಷದ ಮಗಳನ್ನು ಬಿಟ್ಟುಬಂದವನ ಊರು ಮಗಳೂರಾಗದೆ ಮತ್ತೇನಾದೀತು? "ಎಷ್ಟು ಚೆಂದದ ತಪ್ಪು! ಇರಲಿ ಬಿಡಿ" ಎಂದು ನಾವು ಹೇಳಿಯೂ ಬಿಟ್ಟೆವು. ಯಾರೂ ನಗಲಿಲ್ಲ.

ಮಿತ್ರರು ಮೊಬೈಲಿನಲ್ಲಿ ಚಿತ್ರ ಹಿಡಿದು ಊರಿಗೆ ಕಳುಹಿದರು. ಸ್ವಲ್ಪ ಹೊತ್ತಿಗೆ ತಾಯಿಯ ದನಿ ಕೇಳಿಸಿತು. "ಅಪ್ಪ ಸೊನ್ನೆ ಬಿಡುವವರಲ್ಲ ಮಗ. ಒಂದು ತಪ್ಪು ಅಚ್ಚಾದರೆ ಅವರಿಗೆ ರಾತ್ರಿ ಊಟ ಸೇರುತ್ತಿರಲಿಲ್ಲ. ಎಷ್ಟು ಖರ್ಚಾದರೂ ಆಗಲಿ, ಸೊನ್ನೆ ಹಾಕಿಸು."

ನಮಗೆ ನಾಚಿಕೆಯಾಯಿತು. ಸೊನ್ನೆಗೆ ಎಡೆಯಿದೆಯೇ ಎಂದು ನೋಡಲು ಮಿತ್ರರು ಕರವಸ್ತ್ರವನ್ನು ಒದ್ದೆ ಮಾಡಿ ಪಾಚಿಯನ್ನು ಉಜ್ಜತೊಡಗಿದರು. ಆಗ ಮ-ಕಾರದ ನೆತ್ತಿಯ ಮೇಲೆ ಸಾಸಿವೆಗಿಂತ ಕೊಂಚ ದೊಡ್ಡದಾದ ಒಂದು ಗುಳಿ ಕಂಡಿತು. ಧಾರವಾಡದವರು ಬಗ್ಗಿ ನೋಡಿ, "ಇದು ಮರಾಠಿ ಮಂದಿ ಕೆತ್ತಿದ್ದು ನೋಡ್ರಿ! ಅವರ ಲಿಪಿಯೊಳಗ ಸೊನ್ನಿ ತಲಿಮ್ಯಾಲ ಇರತೈತಿ" ಎಂದರು. ಕನ್ನಡ ತಿಳಿಯದ ಆ ಕಲ್ಲುಕುಟಿಗನು ಸೊನ್ನೆಯನ್ನು ನುಂಗಿರಲಿಲ್ಲ. ತನಗೆ ತಿಳಿದ ಜಾಗದಲ್ಲಿ ಇಟ್ಟಿದ್ದನು.

ಮತ್ತೆ ಫೋನು ಹೋಯಿತು. ಆ ಕಡೆ ಬಹಳ ಹೊತ್ತು ಮಾತಿಲ್ಲ.

"ಹಾಗಾದರೆ ಉಂಟಲ್ಲ. ಇನ್ನು ಮುಟ್ಟಬೇಡಿ" ಎಂದರು. ಆಮೇಲೆ, "ಅಲ್ಲಿ ನೆರಳು ಉಂಟಾ?"

"ಉಂಟಮ್ಮ, ದೊಡ್ಡ ಮರವೇ ಉಂಟು."

ಐರೋಲಿಗೆ ಮರಳುವಾಗ ಮೂರು ಗಂಟೆ. ನಮ್ಮ ಮನೆಯ ಹೊಸ್ತಿಲ ಹೊರಗೆ ಒಂದು ಬಕೆಟ್ಟು ನೀರು, ಒಂದು ತಂಬಿಗೆ, ಮಡಿಚಿಟ್ಟ ಒಂದು ಪಂಚೆ ಕಾದಿದ್ದವು.